ಕುದಿಸದ ಮೂಳೆ

9 ಜನವರಿ 1996

ದೊಡ್ಡಪ್ಪನವರಿಗೆ ನಮಸ್ಕಾರ.

ಈ ಅಕ್ಷರದ ಗುರುತು ನಿಮಗೆ ಸಿಗಲಾರದು. ನಾನು ನಿಮ್ಮ ತಮ್ಮನ ಮಗಳು. ಮೂರು ವರ್ಷದವಳಿದ್ದಾಗ ನಿಮ್ಮ ಕಾರ್ಖಾನೆಯಲ್ಲಿ ಒಂದು ಮೂಳೆಯ ಗುಂಡಿ ನುಂಗಿ, ಅದೇ ಹೆಸರಿನಿಂದ ಕರೆಸಿಕೊಂಡವಳು. ನಾವು ಆ ಊರು ಬಿಟ್ಟು ಇಪ್ಪತ್ತಾರು ವರ್ಷವಾಯಿತು. ಅಪ್ಪ ತೀರಿಕೊಂಡ ಸುದ್ದಿ ಮೂರು ವರ್ಷದ ಹಿಂದೆ ನಿಮಗೆ ತಲುಪಿತ್ತೆಂದು ತಿಳಿದುಕೊಂಡಿದ್ದೇನೆ.

ನಾನೊಂದು ದೊಡ್ಡ ಆಸ್ಪತ್ರೆಯ ವರ್ಕ್‌ಶಾಪಿನಲ್ಲಿ ಟರ್ನರ್, ಲೇತಿನಲ್ಲಿ ಲೋಹ ಕಡೆಯುವವಳು. ಗಾಲಿಕುರ್ಚಿಯ ಅಚ್ಚು, ಮಂಚದ ತಿರುಪು, ಊರುಗೋಲಿನ ಕೊಳವೆ ನನ್ನ ಕೆಲಸ. ನಾಲ್ಕು ತಿಂಗಳ ಹಿಂದೆ ಮೂಳೆ ವಿಭಾಗದ ಡಾಕ್ಟರಮ್ಮ ದನದ ಮುಂಗಾಲಿನ ಮೂಳೆಯೊಂದನ್ನು ತಂದು ನನ್ನ ಲೇತಿನ ಮೇಲೆ ಇಟ್ಟರು. "ಇದರಲ್ಲಿ ಸ್ಕ್ರೂ ಮಾಡ್ತೀಯಾ? ಮನುಷ್ಯರ ಮೂಳೆಗೆ ಹಾಕೋದು" ಎಂದರು. ಮುರಿದ ಮೂಳೆಗೆ ಉಕ್ಕಿನ ಸ್ಕ್ರೂ ಹಾಕಿದರೆ ಅದು ಕೊನೆಯವರೆಗೂ ಹೊರಗಿನದಾಗಿಯೇ ಉಳಿಯುತ್ತದೆ. ಎಷ್ಟೋ ಸಲ ಅದನ್ನು ತೆಗೆಯಲು ಮತ್ತೆ ಕೊಯ್ಯಬೇಕು. ಮೂಳೆಯದೇ ಸ್ಕ್ರೂ ಆದರೆ ದೇಹ ಅದನ್ನು ನಿಧಾನವಾಗಿ ತನ್ನದಾಗಿಸಿಕೊಳ್ಳುತ್ತದಂತೆ.

ನಾನು ಇದುವರೆಗೆ ಅರವತ್ತೊಂದು ಸ್ಕ್ರೂ ಮಾಡಿದ್ದೇನೆ. ಅರವತ್ತೊಂದೂ ಒಡೆದಿವೆ. ಏಪ್ರಿಲ್ ಮೂವತ್ತರೊಳಗೆ ಹನ್ನೆರಡು ಸ್ಕ್ರೂಗಳನ್ನು ಪರೀಕ್ಷೆಯ ದಿಮ್ಮಿಯೊಳಗೆ ತಿರುಗಿಸಿ ಬಿಗಿಯಬೇಕು. ಅಳತೆಯ ಮುಳ್ಳು ಕೆಂಪು ಗೆರೆ ಮುಟ್ಟುವವರೆಗೆ ಹನ್ನೆರಡರಲ್ಲಿ ಒಂದೂ ಬಿರುಕು ಬಿಡಬಾರದು. ಬಿಟ್ಟರೆ ಈ ಕೆಲಸವನ್ನೇ ನಿಲ್ಲಿಸುವುದಾಗಿ ಆಸ್ಪತ್ರೆಯವರು ಹೇಳಿದ್ದಾರೆ.

ಅಪ್ಪನ ಹತ್ತಿರ ತಾತ ಮಾಡಿದ ಸೂಜಿ ಡಬ್ಬಿ ಇತ್ತು. ಮೂಳೆಯದು, ತಿರುಪಿನ ಮುಚ್ಚಳದ್ದು. ಮುಚ್ಚಳ ಇವತ್ತಿಗೂ ಬೆಣ್ಣೆಯಲ್ಲಿ ತಿರುಗಿದ ಹಾಗೆ ತಿರುಗುತ್ತದೆ. ಆ ತಿರುಪಿನ ಸುತ್ತುಗೆರೆಗಳನ್ನು, ಆ ಮರೆಗಳನ್ನು ತಾತ ಹೇಗೆ ಕತ್ತರಿಸುತ್ತಿದ್ದರು? ಗೊತ್ತಿರುವವರು ಬೇರೆ ಯಾರಾದರೂ ಇದ್ದಿದ್ದರೆ ನಿಮಗೆ ತೊಂದರೆ ಕೊಡುತ್ತಿರಲಿಲ್ಲ.

ಇಂತಿ,
ನಿಮ್ಮ ತಮ್ಮನ ಮಗಳು


27 ಜನವರಿ 1996

ಗುಂಡಿಗೆ,

ನಿನ್ನ ಕಾಗದ ಮುನಸಿಪಾಲಿಟಿಯ ನೋಟೀಸಿನ ಹಾಗಿದೆ. ನಿನ್ನ ದೊಡ್ಡಮ್ಮ ಎರಡು ಸಲ ಓದಿ, "ಇದು ನಮ್ಮ ಗುಂಡೀನಾ, ಇಲ್ಲಾ ಯಾರೋ ಇನ್‌ಸ್ಪೆಕ್ಟರಾ?" ಎಂದು ಕೇಳಿದಳು.

ನೀನು ನುಂಗಿದ ಗುಂಡಿ ನಾಲ್ಕು ತೂತಿನದು, ಕೋಟಿನದು. ಅದು ಹೊರಗೆ ಬಂದದ್ದನ್ನು ಯಾರೂ ನೋಡಲಿಲ್ಲ. ನನ್ನ ಲೆಕ್ಕದಲ್ಲಿ ಅದು ಇನ್ನೂ ನಿನ್ನೊಳಗೇ ಇದೆ.

ಕೇಳಿದ್ದಕ್ಕೆ ಉತ್ತರ. ಮೊಣಕಾಲಿನ ಹತ್ತಿರದ ಮೂಳೆ ಬೇಡ, ಅದು ಒಳಗೆ ಜೇನುಗೂಡು. ಮುಂಗಾಲಿನ ನಡುಭಾಗ ತಗೋ, ಅಲ್ಲಿ ಗೋಡೆ ದಪ್ಪ. ಉದ್ದಕ್ಕೆ ಸೀಳು, ಅಡ್ಡಕ್ಕಲ್ಲ. ಮೂಳೆಗೆ ಮರದ ಹಾಗೆ ಎಳೆ ಇರುತ್ತದೆ, ಬೆರಳಿನ ಉಗುರಾಡಿಸಿದರೆ ತಿಳಿಯುತ್ತದೆ. ನೀನು ಕಬ್ಬಿಣದವಳು, ಮರೆಯನ್ನು ಚೂಪಾಗಿ ಕತ್ತರಿಸುತ್ತಿರಬೇಕು. ಚೂಪಾದ ಮೂಲೆಯಲ್ಲೇ ಮೂಳೆ ಸೀಳುವುದು. ಏರನ್ನೂ ತಗ್ಗನ್ನೂ ಗುಂಡಗೆ ಮಾಡು, ಉಳುಮೆಯಾದ ಹೊಲಕ್ಕೆ ಮಳೆ ಬಿದ್ದ ಮೇಲೆ ಕಾಣುತ್ತದಲ್ಲ, ಹಾಗೆ. ತಲೆಗೆ ಸೀಳು ಹಾಕಬೇಡ. ಚೌಕದ ತಲೆ ಬಿಡು, ಕೆಲಸ ಮುಗಿದ ಮೇಲೆ ಅದನ್ನು ಗರಗಸದಲ್ಲಿ ಕೊಯ್ದು ಹಾಕಲಿ. ಲೇತು ನಿಧಾನ ಓಡಲಿ. ಸುಟ್ಟ ವಾಸನೆ ಬಂತೆಂದರೆ ಆ ತುಂಡು ಹಾಳು.

ಎಲ್ಲಕ್ಕಿಂತ ಮೊದಲು ಕುದಿಸು. ಸೋಡಾ ಹಾಕಿ ಒಂದು ಇಡೀ ದಿನ, ಬೆಳ್ಳಗಾಗುವವರೆಗೆ. ಕುದಿಸದ ಮೂಳೆಯನ್ನು ನಮ್ಮ ಮನೆಯಲ್ಲಿ ಲೇತಿನ ಹತ್ತಿರ ಬಿಟ್ಟುಕೊಂಡವರಿಲ್ಲ.

ಅಕ್ಷರ ಸೊಟ್ಟಗಿದೆ, ಕಾಗದ ಜಾರುತ್ತಿದೆ. ಮೂರು ತಿಂಗಳಿಂದ ಲೇತಿಗೆ ಬಟ್ಟೆ ಹೊದಿಸಿದ್ದೇನೆ. ಈಗ ಯಾರಿಗೆ ಬೇಕು ಮೂಳೆಯ ಗುಂಡಿ.

ದೊಡ್ಡಪ್ಪ


20 ಫೆಬ್ರವರಿ 1996

ದೊಡ್ಡಪ್ಪನವರಿಗೆ,

ನೀವು ಹೇಳಿದಂತೆ ಮರೆಯನ್ನು ಗುಂಡಗೆ ಮಾಡಿದೆ. ಅದಕ್ಕಾಗಿ ಉಳಿಯ ಮೊನೆಯನ್ನು ಕಲ್ಲಿನ ಮೇಲೆ ನಾಲ್ಕು ದಿನ ಉಜ್ಜಿದೆ. ಚೌಕದ ತಲೆ ಬಿಟ್ಟೆ. ಉಪ್ಪುನೀರು ಹನಿಹನಿಯಾಗಿ ಬೀಳುವ ಏರ್ಪಾಡು ಮಾಡಿ ಲೇತನ್ನು ನಿಧಾನ ಓಡಿಸಿದೆ. ಈಗ ಕತ್ತರಿಸುವಾಗ ಒಂದೂ ಒಡೆಯುತ್ತಿಲ್ಲ. ಮೊದಲ ಸಲ ಪೂರ್ತಿ ಸ್ಕ್ರೂ ಕೈಗೆ ಬಂದಾಗ ಅದನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಅಂಚಿನಲ್ಲಿ ಬೆಳಕು ಒಳಗೆ ಇಳಿದು ನಿಂತಿತ್ತು. ಉಕ್ಕು ಯಾವತ್ತೂ ಬೆಳಕನ್ನು ಒಳಗೆ ಬಿಟ್ಟುಕೊಂಡದ್ದಿಲ್ಲ. ಸ್ವಲ್ಪ ಹೊತ್ತು ನಾನು ಕೆಲಸವನ್ನೇ ಮರೆತೆ.

ಆದರೆ ಬಿಗಿಯುವಾಗ ಒಡೆಯುತ್ತಿವೆ. ಮುಳ್ಳು ಕೆಂಪು ಗೆರೆಯ ಅರ್ಧ ದಾರಿಗೆ ಬರುವಷ್ಟರಲ್ಲಿ ಸೀಮೆಸುಣ್ಣದ ಹಾಗೆ ಟಕ್ಕೆನ್ನುತ್ತವೆ. ಡಾಕ್ಟರಮ್ಮ ದಿನಾ ಸಂಜೆ ಬಾಗಿಲಲ್ಲಿ ತಲೆ ಹಾಕಿ, "ಏನಮ್ಮ, ಇವತ್ತು ಎಷ್ಟು ಜನ ಹೋದರು?" ಎಂದು ಕೇಳುತ್ತಾರೆ. "ಏಳು" ಎನ್ನುತ್ತೇನೆ. "ಆತ್ಮಕ್ಕೆ ಶಾಂತಿ ಸಿಗಲಿ" ಎಂದು ಹೋಗುತ್ತಾರೆ. ಮೊನ್ನೆಯಿಂದ ಅವರೂ ನಗುತ್ತಿಲ್ಲ.

ಕುದಿಸುವುದನ್ನು ನೀವು ಹೇಳಬೇಕಾಗಿರಲಿಲ್ಲ. ಮೊದಲ ದಿನದಿಂದಲೂ ಕುದಿಸಿಯೇ ಮಾಡುತ್ತಿದ್ದೇನೆ.

ಇನ್ನೊಂದು ಮಾತು. ನಿಮ್ಮ ಕಾಗದ ಹಳೆಯ ಕ್ಯಾಲೆಂಡರಿನ ಹಿಂಬದಿ, ಇರುವೆ ಓಡಿದಂಥ ಅಕ್ಷರ. ಅಪ್ಪ ಹೇಳುತ್ತಿದ್ದರು, ನಿಮ್ಮ ಕೈಬರಹ ಅಚ್ಚಿನಂತಿತ್ತು ಎಂದು. ನನಗೆ ಬರೆಯುವುದು ನಿಮಗೆ ಅಷ್ಟು ಹಗುರವೇ? ಗೊತ್ತಿರುವ ಏನನ್ನೋ ನೀವು ಹೇಳುತ್ತಿಲ್ಲ ಎಂದು ನನಗೆ ಅನಿಸುತ್ತದೆ. ಅಪ್ಪ ಮೂಳೆಯ ಕೆಲಸ ಬಿಟ್ಟು ಕಬ್ಬಿಣಕ್ಕೆ ಹೋದ ಸಿಟ್ಟು ಇನ್ನೂ ಇದ್ದರೆ, ಅದನ್ನು ಆ ರೋಗಿಗಳ ಮೇಲೆ ತೀರಿಸಬೇಡಿ.


2 ಮಾರ್ಚ್ 1996

ಎರಡು ದಿನ ಕುದಿಸು.

ದೊಡ್ಡಪ್ಪ


9 ಮಾರ್ಚ್ 1996

ಗುಂಡಿ,

ಹೋದ ವಾರದ ಕಾಗದವನ್ನು ಒಲೆಗೆ ಹಾಕು. ಸಿಟ್ಟಿನಲ್ಲಿ ಬರೆದದ್ದು. ಹೇಳದೆ ಉಳಿಸಿಕೊಂಡದ್ದು ಇದೆ ಎಂದು ನೀನು ಬರೆದದ್ದು ಚುಚ್ಚಿತು, ಏಕೆಂದರೆ ಅದು ನಿಜ. ಆದರೆ ನಾನು ಮುಚ್ಚಿಟ್ಟದ್ದಕ್ಕೂ ನಿನ್ನ ಸ್ಕ್ರೂಗೂ ಸಂಬಂಧ ಇದೆ ಎಂದು ನನಗೇ ಗೊತ್ತಿರಲಿಲ್ಲ.

ನಿನ್ನಪ್ಪ ಕಬ್ಬಿಣಕ್ಕೆ ಹೋಗಲಿಲ್ಲ. ನಾನು ಓಡಿಸಿದೆ.

ನೀವು ಊರು ಬಿಟ್ಟ ವರ್ಷ ದೊಡ್ಡ ಅಂಗಡಿಯೊಂದರಿಂದ ಕೋಟಿನ ಗುಂಡಿಗಳಿಗೆ ಬೇಡಿಕೆ ಬಂದಿತ್ತು. ಕುದಿಸುವ ಪಾಳಿ ನಿನ್ನಪ್ಪನದು. ಅವನು ಒಂದು ಹಂಡೆಯಷ್ಟು ಮೂಳೆಯನ್ನು ಕುದಿಸಲೇ ಇಲ್ಲ. ಬರೀ ತಣ್ಣೀರಿನಲ್ಲಿ ನೆನೆಸಿ ಕೆರೆದು ಒಣಗಿಸಿದ, ಹಾಗೇ ಗುಂಡಿ ಕಡೆದ. ಎಲ್ಲ ಹಳದಿ. ಅಂಗಡಿಯವರು ಮೂಟೆಯನ್ನು ವಾಪಸು ಕಳಿಸಿದರು. ನಾನು ಎಲ್ಲರೆದುರು ಕೂಗಾಡಿದೆ. ಅವನು ಒಂದು ಗುಂಡಿ ಹಿಡಿದುಕೊಂಡು ನನ್ನ ಹಿಂದೆಯೇ ಬಂದ. "ಅಣ್ಣಾ, ಬಣ್ಣ ಬಿಡು, ಒಂದ್ಸಲ ಸುತ್ತಿಗೇಲಿ ಹೊಡೆದು ನೋಡು. ಇದು ಒಡೆಯಲ್ಲ ಅಣ್ಣಾ." ನಾನು ಹೊಡೆದು ನೋಡಲಿಲ್ಲ. "ಮೂಳೆಗೆ ನೀನು ಲಾಯಕ್ಕಿಲ್ಲ, ಹೋಗಿ ಕಬ್ಬಿಣ ತಿರುವು" ಎಂದೆ. ಅವನು ಮಾತಿಗೆ ಸರಿಯಾಗಿ ನಡೆದುಕೊಂಡ.

ನಿನ್ನ ಕಾಗದದಲ್ಲಿ ಸೀಮೆಸುಣ್ಣದ ಹಾಗೆ ಎಂದಿತ್ತಲ್ಲ, ಅದು ಒಂದು ವಾರ ತಲೆಯಲ್ಲೇ ಕೂತಿತು. ನಿನ್ನೆ ಅಟ್ಟದಿಂದ ಆ ಹಳದಿ ಗುಂಡಿಗಳ ತಗಡಿನ ಡಬ್ಬ ಇಳಿಸಿದೆವು. ಒಂದು ಬಿಳಿ ಗುಂಡಿ, ಒಂದು ಹಳದಿ ಗುಂಡಿ ಅಡಿಗಲ್ಲಿನ ಮೇಲಿಟ್ಟು ನಿನ್ನ ದೊಡ್ಡಮ್ಮನ ಕೈಯಲ್ಲಿ ಹೊಡೆಸಿದೆ. ಬಿಳಿಯದು ಪುಡಿಯಾಯಿತು. ಹಳದಿಯದು ಹಾರಿ ಹೋಗಿ ಕಪಾಟಿನ ಗಾಜಿಗೆ ಬಿತ್ತು. ಗಾಜು ಒಡೆಯಿತು, ಗುಂಡಿ ಒಡೆಯಲಿಲ್ಲ. ನಿನ್ನ ದೊಡ್ಡಮ್ಮ ಸುತ್ತಿಗೆ ಹಿಡಿದುಕೊಂಡೇ ನಿಂತಿದ್ದಳು. ಆಮೇಲೆ, "ಇಪ್ಪತ್ತಾರು ವರ್ಷ ಅಟ್ಟದ ಮೇಲಿತ್ತಲ್ರೀ ಇದು" ಎಂದಳು.

ತಾತನ ಸೂಜಿ ಡಬ್ಬಿಯ ಬಣ್ಣ ನೋಡು. ನಾನು ಯಾವಾಗಲೂ ಅದು ಹಳೆಯದಾಗಿ ಹಳದಿಯಾದದ್ದು ಎಂದುಕೊಂಡಿದ್ದೆ.

ಹದಿನೇಳು ಗುಂಡಿ ಕಳಿಸಿದ್ದೇನೆ. ನಿನ್ನಪ್ಪನ ಕೈಯವು. ಕುದಿಸಬೇಡ.


28 ಏಪ್ರಿಲ್ 1996

ದೊಡ್ಡಪ್ಪಾ,

ಹನ್ನೆರಡಕ್ಕೆ ಹನ್ನೆರಡು.

ಮೊದಲು ನನ್ನ ತಪ್ಪು ಒಪ್ಪಿಕೊಳ್ಳುತ್ತೇನೆ. ಡಾಕ್ಟರಮ್ಮ ಮೊದಲ ದಿನವೇ ಒಂದು ಹಾಳೆ ಬರೆದುಕೊಟ್ಟಿದ್ದರು. ಯಾವ ಹಿಂಡಿನ ದನ, ಯಾವ ದಿನದ ಮೂಳೆ ಎಂಬ ಚೀಟಿ ಇರಬೇಕು, ತಣ್ಣೀರಿನಲ್ಲೇ ತೊಳೆಯಬೇಕು, ಎಲ್ಲೂ ಬಿಸಿ ತಾಗಬಾರದು ಎಂದು. ನಾನು ಓದಿ ಒಳಗೊಳಗೇ ನಕ್ಕಿದ್ದೆ. ಮೂಳೆ ಗೊತ್ತಿಲ್ಲದವರು ಬರೆದದ್ದು, ನಾನು ಗುಂಡಿ ಕಾರ್ಖಾನೆಯ ಮಗಳು ಎಂದು. ಅವರಿಗೆ ಹೇಳದೆಯೇ ದಿನಾ ಸೋಡಾ ಹಾಕಿ ಕುದಿಸಿದೆ. ನಿಮ್ಮ ಗುಂಡಿಗಳು ಬಂದ ದಿನ ಅವರ ಕೋಣೆಗೆ ಹೋಗಿ ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಅಂದ್ರೆ ಆರು ತಿಂಗಳಿಂದ ನೀನು ನನಗೆ ಸಾರು ಮಾಡಿ ಕೊಟ್ಟಿದ್ದೀಯಾ?" ಆಮೇಲೆ ಇಬ್ಬರೂ ನಕ್ಕೆವು. ನನಗೆ ಅಳು ಬಂದಿತ್ತು.

ಅವರು ವಿವರಿಸಿದ್ದು ಇದು. ಮೂಳೆ ಎಂದರೆ ಬರೀ ಸುಣ್ಣವಲ್ಲ. ಸುಣ್ಣದ ಉದ್ದಕ್ಕೂ ಬಾಗಬಲ್ಲ ಎಳೆಗಳಿವೆ. ಕುದಿಸಿದರೆ ಎಳೆ ಕರಗಿ ನೀರಿಗೆ ಹೋಗುತ್ತದೆ, ಬೆಳ್ಳಗಿನ ಸುಣ್ಣ ಉಳಿಯುತ್ತದೆ. ನಮ್ಮ ಮನೆಯವರು ಎರಡು ತಲೆಮಾರು ಮೂಳೆಯ ಜೀವಾಳವನ್ನು ಬಚ್ಚಲಿಗೆ ಚೆಲ್ಲಿ, ಉಳಿದದ್ದರ ಬಣ್ಣ ನೋಡಿ ಹೆಮ್ಮೆಪಟ್ಟಿದ್ದೇವೆ.

ಈಗ ತಣ್ಣೀರು, ಆಮೇಲೆ ಕೊಬ್ಬು ತೆಗೆಯುವ ದ್ರಾವಣ, ಆಮೇಲೆ ಹೆಪ್ಪುಗಟ್ಟಿಸಿ ಒಣಗಿಸುವ ಯಂತ್ರ. ಕತ್ತರಿಸಿದ ಮೇಲೆ ಸೀಸದ ಗೋಡೆಯ ಕೋಣೆಯಲ್ಲಿ ಕಿರಣ ಹಾಯಿಸಿ ಶುದ್ಧ ಮಾಡುತ್ತಾರೆ. ಪರೀಕ್ಷೆಯ ದಿನ ನಾನೇ ಪಾನಾ ಹಿಡಿದೆ. ಹನ್ನೆರಡನೆಯದು ಕೆಂಪು ಗೆರೆ ಮುಟ್ಟಿ, ದಾಟಿ, ಸುಮ್ಮನೆ ನಿಂತಿತು.

ಆಮೇಲೆ ಡಾಕ್ಟರಮ್ಮ ನನ್ನನ್ನು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದರು. ಒಂದು ಕುರಿಯ ಕಾಲಿಗೆ ಬೇರೆ ಆಸ್ಪತ್ರೆಯಲ್ಲಿ ಇಂಥದೇ ದನದ ಮೂಳೆಯ ಸ್ಕ್ರೂ ಹಾಕಿ, ವರ್ಷದ ನಂತರ ತೆಗೆದ ತೆಳ್ಳನೆಯ ಪದರ. ಮೂಳೆಯ ಉದ್ದಕ್ಕೂ ಸಣ್ಣ ಸಣ್ಣ ಸುರಂಗಗಳು, ಒಂದೊಂದರ ಸುತ್ತ ಉಂಗುರಗಳು. ಆ ದನ ಬದುಕಿದ್ದಾಗ ಅದರಲ್ಲಿ ರಕ್ತ ಓಡಾಡಿದ ದಾರಿಗಳಂತೆ. "ಸ್ಕ್ರೂ ಎಲ್ಲಿ ಮುಗೀತು, ಕುರಿ ಎಲ್ಲಿ ಶುರುವಾಯ್ತು, ತೋರಿಸು" ಎಂದರು. ನಾನು ಬಹಳ ಹೊತ್ತು ಹುಡುಕಿದೆ. ಕುರಿಯ ರಕ್ತನಾಳಗಳು ದನದ ಹಳೆಯ ಸುರಂಗಗಳ ಒಳಗೇ ಹೊಕ್ಕಿದ್ದವು, ಖಾಲಿ ಮನೆಗೆ ಬಾಡಿಗೆಗೆ ಬಂದವರ ಹಾಗೆ. ಗೆರೆ ಇರಲಿಲ್ಲ ದೊಡ್ಡಪ್ಪಾ. ನಾನು ಹುಡುಕಿದ ಕಡೆಯೆಲ್ಲ ಗೆರೆ ಇರಲಿಲ್ಲ.

ನಾನೂ ಒಂದು ಮಾತು ಮುಚ್ಚಿಟ್ಟಿದ್ದೆ. ಅಪ್ಪ ಕೊನೆಯ ದಿನಗಳಲ್ಲಿ ಸೂಜಿ ಡಬ್ಬಿಯನ್ನು ನನಗೆ ಕೊಟ್ಟು, "ಮೂಳೆ ವಿಷಯ ಏನಾದ್ರೂ ಬಂದ್ರೆ ಅಣ್ಣನ್ನ ಕೇಳು. ಅವನಷ್ಟು ಗೊತ್ತಿರೋರು ಇಲ್ಲ" ಎಂದಿದ್ದರು. ಹಳದಿ ಗುಂಡಿಗಳ ವಿಷಯ ಅವರು ಒಮ್ಮೆಯೂ ಹೇಳಲಿಲ್ಲ.

ಒಮ್ಮೆ ಬನ್ನಿ. ನಿಮ್ಮ ಉಳಿ ಹಿಡಿದು ಒಂದು ಸ್ಕ್ರೂ ನೀವೇ ಕಡೆಯಬೇಕು.

ನಿಮ್ಮ ಗುಂಡಿ


6 ಜೂನ್ 1996

ಗುಂಡಿಗೆ ನಿನ್ನ ದೊಡ್ಡಮ್ಮ ಬರೆಯುವುದು.

ಇವರು ನಿನ್ನ ಕಾಗದಕ್ಕೆ ಯಾಕೆ ಉತ್ತರ ಬರೆಯಲಿಲ್ಲ ಎಂದು ನೀನು ಬೇಜಾರು ಮಾಡಿಕೊಂಡಿರುತ್ತೀಯ. ಬೇಡ ಎಂದಿದ್ದರು, ಆದರೂ ಬರೆಯುತ್ತಿದ್ದೇನೆ. ಹೋದ ಅಕ್ಟೋಬರಿನಲ್ಲಿ ಕಾರ್ಖಾನೆಯ ಮೆಟ್ಟಿಲ ಮೇಲೆ ಜಾರಿ ಬಲಗೈ ಊರಿ ಬಿದ್ದರು. ಉಳುಕು ಎಂದು ಎಣ್ಣೆ ತಿಕ್ಕಿಕೊಂಡು ಕೂತರು. ಮಣಿಕಟ್ಟಿನ ಸಣ್ಣ ಮೂಳೆ ಎರಡಾಗಿದೆ, ಎಂಟು ತಿಂಗಳಾದರೂ ಕೂಡಿಲ್ಲ. ಇಲ್ಲಿಯ ಡಾಕ್ಟರು ಇನ್ನು ಮಣಿಕಟ್ಟನ್ನೇ ಅಲುಗಾಡದ ಹಾಗೆ ಕೂಡಿಸಿಬಿಡೋಣ, ನೋವಾದರೂ ಹೋಗುತ್ತದೆ ಎನ್ನುತ್ತಾರೆ. ಆಮೇಲೆ ಉಳಿ ಹಿಡಿಯುವ ಹಾಗಿಲ್ಲ.

ನಿನಗೆ ಬರೆದದ್ದೆಲ್ಲ ಎಡಗೈಯಲ್ಲಿ. ಒಂದು ಕಾಗದಕ್ಕೆ ಎರಡು ದಿನ ಹಿಡಿಯುತ್ತಿತ್ತು. ನಲವತ್ತೈದು ವರ್ಷ ಊರಿಗೆಲ್ಲ ಗುಂಡಿ ಮಾಡಿದವರಿಗೆ ಅಂಗಿಯ ಗುಂಡಿ ನಾನು ಹಾಕಿಕೊಡಬೇಕು. ಕತ್ತಿನ ಗುಂಡಿಗೆ ಬಂದಾಗ ಗೋಡೆ ನೋಡುತ್ತಾರೆ.

ನೀನು ಉಳಿ ಹಿಡಿಯಲು ಬನ್ನಿ ಎಂದು ಬರೆದೆಯಲ್ಲ, ಆ ಕಾಗದವನ್ನು ಮಡಿಸಿ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡಿದ್ದಾರೆ.


13 ಜೂನ್ 1996

ದೊಡ್ಡಪ್ಪಾ,

ಇರುವೆ ಓಡಿದ ಅಕ್ಷರ ಎಂದು ಬರೆದ ಕೈಯನ್ನು ಲೇತಿಗೆ ಕೊಡಬೇಕು ಅನಿಸುತ್ತಿದೆ. ದೊಡ್ಡಮ್ಮನ ಕೈಯಲ್ಲಿ ಸುತ್ತಿಗೆ ಹೊಡೆಸಿದೆ ಎಂದು ನೀವು ಬರೆದಿರಿ. ಟರ್ನರ್ ಆದ ನಾನು ಅದನ್ನು ಓದಿ, ನೀವೇ ಯಾಕೆ ಹೊಡೆಯಲಿಲ್ಲ ಎಂದು ಯೋಚಿಸದೆ ಮುಂದೆ ಹೋದೆ.

ನಿಮ್ಮ ಎಕ್ಸ್‌ರೇ ತಗೊಂಡು ಬನ್ನಿ. ಡಾಕ್ಟರಮ್ಮನಿಗೆ ಹೇಳಿದ್ದೇನೆ. ಅದು ಗೋಡಂಬಿಯಷ್ಟು ದೊಡ್ಡ ಮೂಳೆ, ರಕ್ತ ಒಂದೇ ಕಡೆಯಿಂದ ಬರುವುದರಿಂದ ಮುರಿದರೆ ಕೂಡುವುದು ಕಷ್ಟ, ಇಂಥ ಕಡೆಗೇ ನಮ್ಮ ಸ್ಕ್ರೂ ಬೇಕಾಗಿದ್ದು ಎಂದರು. ಆದರೆ ನಿಮಗೆ ಸುಳ್ಳು ಹೇಳುವುದಿಲ್ಲ. ಇದುವರೆಗೆ ಮೂವರಿಗೆ ಮಾತ್ರ ಹಾಕಿದ್ದಾರೆ, ಮೂವರದೂ ಕಾಲಿನ ಬೆರಳು. ಕೈಗೆ ನೀವೇ ಮೊದಲಿಗರಾಗುತ್ತೀರಿ. ಕೂಡದೆಯೂ ಇರಬಹುದು. ಆಗ ಉಳಿಯುವುದು ನಿಮ್ಮ ಡಾಕ್ಟರು ಹೇಳಿದ್ದೇ. ನನಗೋಸ್ಕರ ಹೂಂ ಅನ್ನಬೇಡಿ.


24 ಜೂನ್ 1996

ಗುಂಡಿ,

ನಿನ್ನ ದೊಡ್ಡಮ್ಮನಿಗೆ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ.

ಯಾಕೆ ಹೇಳಲಿಲ್ಲ ಎಂದರೆ, ನಿನ್ನಪ್ಪನಿಗೆ ಮೂಳೆಗೆ ಲಾಯಕ್ಕಿಲ್ಲ ಎಂದವನು ನಾನು. ಅವನ ಮಗಳ ಹತ್ತಿರ ಒಂದು ಚೂರು ಮೂಳೆಗಾಗಿ ಕೈ ಒಡ್ಡುವುದು ಹೇಗೆ? ಅದೂ ಮುರಿದ ಕೈ.

ಬರುತ್ತೇನೆ. ಒಂದೇ ಷರತ್ತು. ಸ್ಕ್ರೂ ನೀನೇ ಕಡೆಯಬೇಕು, ಒಳಗೆ ಹಾಕುವ ಮೊದಲು ನನಗೆ ತೋರಿಸಬೇಕು. ಕೆಲಸ ಸರಿ ಇಲ್ಲದಿದ್ದರೆ ಎದ್ದು ಬರುತ್ತೇನೆ.


3 ಸೆಪ್ಟೆಂಬರ್ 1996

ದೊಡ್ಡಪ್ಪಾ,

ಊರು ಸುಖವಾಗಿ ಸೇರಿದಿರೆಂದು ದೊಡ್ಡಮ್ಮ ಬರೆದಿದ್ದಾರೆ. ಪ್ಲಾಸ್ಟರ್ ಪಟ್ಟಿಯೊಳಗೆ ಪೆನ್ಸಿಲ್ ತೂರಿಸಿ ಕೆರೆದುಕೊಳ್ಳುತ್ತೀರಂತೆ. ಮಾಡಬೇಡಿ.

ಆಪರೇಷನ್ ದಿನ ನಿಮಗೆ ಕಾಣದ್ದನ್ನು ಬರೆಯುತ್ತೇನೆ. ನಡುವೆ ಹಸಿರು ಪರದೆ ಇತ್ತಲ್ಲ. ತೋಳಿಗೆ ಮಾತ್ರ ಮದ್ದು ಕೊಟ್ಟದ್ದರಿಂದ ಪರದೆಯ ಆ ಕಡೆ ನೀವು ನರ್ಸಮ್ಮನಿಗೆ ಕೊಂಬಿನ ಗುಂಡಿಗೂ ಮೂಳೆಯ ಗುಂಡಿಗೂ ವ್ಯತ್ಯಾಸ ಹೇಳುತ್ತಿದ್ದಿರಿ. ಈ ಕಡೆ ನಾನು ಗೌನು ಹಾಕಿಕೊಂಡು ಸ್ಕ್ರೂಗಳ ಪೆಟ್ಟಿಗೆಯ ಹತ್ತಿರ ನಿಂತಿದ್ದೆ. ಐದು ಕಡೆದಿದ್ದೆ. ನೀವು ಹಿಂದಿನ ದಿನ ಗಾಜಿನ ಕೊಳವೆಯ ಹೊರಗಿನಿಂದ ಒಂದೊಂದನ್ನೂ ಬೆಳಕಿಗೆ ಹಿಡಿದು, "ನಾಲ್ಕನೇದು" ಎಂದಿದ್ದಿರಿ. ಯಾಕೆಂದು ನಾನು ಕೇಳಲಿಲ್ಲ. ನನಗೂ ಅದೇ ಅನಿಸಿತ್ತು.

ಡಾಕ್ಟರಮ್ಮ ತೂತು ಕೊರೆದು, ಒಳಗೆ ಮರೆ ಕತ್ತರಿಸಿ, ನಾಲ್ಕನೆಯದನ್ನು ಕೈಯಲ್ಲೇ ತಿರುಗಿಸತೊಡಗಿದರು. ಅರ್ಧ ಸುತ್ತು, ನಿಲ್ಲುವುದು, ಮತ್ತೆ ಅರ್ಧ ಸುತ್ತು. ಎರಡಾಗಿದ್ದ ಮೂಳೆಯ ನಡುವೆ ಒಂದು ಕಪ್ಪು ಗೆರೆ ಇತ್ತು. ಸ್ಕ್ರೂ ಒಳಗೆ ಹೋದಂತೆ ಗೆರೆ ಕಿರಿದಾಗುತ್ತ ಹೋಯಿತು. ಒಂದು ಸುತ್ತಿನಲ್ಲಿ ಅದು ಇತ್ತು, ಮುಂದಿನ ಸುತ್ತಿನಲ್ಲಿ ಇರಲಿಲ್ಲ. ನನ್ನ ಜೀವಮಾನದಲ್ಲಿ ಸಾವಿರಾರು ತಿರುಪು ಬಿಗಿದಿದ್ದೇನೆ. ಬಿಗಿಯುವುದು ಎಂದರೆ ಏನು ಎಂದು ಅವತ್ತು ನೋಡಿದೆ.

ಆಮೇಲೆ ಚೌಕದ ತಲೆಯನ್ನು ಸಣ್ಣ ಗರಗಸದಲ್ಲಿ ಕೊಯ್ಯುವಾಗ ಪರದೆಯ ಆಚೆಯಿಂದ ನಿಮ್ಮ ದನಿ ಬಂತು. "ಯಾರ್ರೀ ಅದು ಗರಗಸ ಹಿಡಿದಿರೋದು? ಹಲ್ಲು ಮೊಂಡಾಗಿದೆ. ಸದ್ದಲ್ಲೇ ಗೊತ್ತಾಗುತ್ತೆ." ಡಾಕ್ಟರಮ್ಮ ಕೈ ನಿಲ್ಲಿಸಿ ನನ್ನ ಮುಖ ನೋಡಿದರು. "ನಿಮ್ಮ ಮನೆಯವರೆಲ್ಲ ಹೀಗೇನಾ?" ಮರುದಿನ ಹೊಸ ಗರಗಸಕ್ಕೆ ಬರೆದುಹಾಕಿದರು.

ಕೊಯ್ದ ತಲೆ ನನ್ನ ಹತ್ತಿರ ಇದೆ. ಸೂಜಿ ಡಬ್ಬಿಯೊಳಗೆ ಇಟ್ಟಿದ್ದೇನೆ.

ಗುಂಡಿ


2 ಡಿಸೆಂಬರ್ 1996

ದೊಡ್ಡಪ್ಪಾ, ಹೋದ ವಾರದ ಎಕ್ಸ್‌ರೇ ಡಾಕ್ಟರಮ್ಮನಿಗೆ ತಲುಪಿತು. ಸ್ಕ್ರೂ ಕಾಣುತ್ತದೆ, ಮರೆಗಳನ್ನೂ ಎಣಿಸಬಹುದು. ಮುರಿದ ಗೆರೆ ಮಸುಕಾಗಿದೆ. ಪೂರ್ತಿ ಹೋಗಿಲ್ಲ. ಇನ್ನೂ ಏನೂ ಎತ್ತಬೇಡಿ, ಉಳಿಯನ್ನಂತೂ ಮುಟ್ಟಬೇಡಿ ಎಂದಿದ್ದಾರೆ. ಕಾಯಬೇಕು. ನನಗೂ ಕಾಯುವುದು ಬರುವುದಿಲ್ಲ.


19 ಅಕ್ಟೋಬರ್ 1997

ಗುಂಡಿ,

ಈ ಅಕ್ಷರ ನೋಡು. ಅಚ್ಚಿನಂತಿಲ್ಲ, ಆದರೆ ಬಲಗೈಯದು. ಕಾಗದ ಜಾರುತ್ತಿಲ್ಲ, ಎಡಗೈ ಹಿಡಿದುಕೊಂಡಿದೆ.

ನಿನ್ನೆ ಇಲ್ಲಿಯ ಡಾಕ್ಟರು ಹೊಸ ಎಕ್ಸ್‌ರೇಯನ್ನು ದೀಪದ ಪೆಟ್ಟಿಗೆಗೆ ಸಿಕ್ಕಿಸಿದರು. ಕಣ್ಣು ಕಿರಿದು ಮಾಡಿದರು. ಕನ್ನಡಕ ಬದಲಾಯಿಸಿದರು. ಆಮೇಲೆ ನನ್ನ ಕಡೆ ತಿರುಗಿ, "ನಿಮಗೆ ಸ್ಕ್ರೂ ಹಾಕಿದ್ದು ಈ ಕೈಗೇ ತಾನೇ?" ಎಂದರು. ಗಾಯದ ಗುರುತು ತೋರಿಸಿದೆ. ಹಳೆಯ ಎಕ್ಸ್‌ರೇ ಪಕ್ಕದಲ್ಲಿಟ್ಟು, ಪೆನ್ಸಿಲಿನ ತುದಿಯಿಂದ, "ಇಲ್ಲಿ ಇತ್ತು" ಎಂದರು. ಅಲ್ಲಿ ಮೂಳೆ ಇತ್ತು. ಬರೀ ಮೂಳೆ, ಒಂದೇ ಮೂಳೆ. ಅವರು ಆಮೇಲೂ ಪೆನ್ಸಿಲ್ ತೆಗೆಯದೆ ಹಾಗೇ ನಿಂತಿದ್ದರು.

ನಾನು ಮೂಳೆಯನ್ನು ಕೈಗೆ ತೆಗೆದುಕೊಂಡಾಗಲೆಲ್ಲ ಅದರ ಕಥೆ ಮುಗಿದಿದೆ ಎಂದುಕೊಂಡೇ ತೆಗೆದುಕೊಂಡವನು. ಎಲ್ಲೋ ಹುಲ್ಲು ಮೇಯ್ದ ಒಂದು ಪ್ರಾಣಿಯ ಕಾಲು ಈಗ ನನ್ನ ರಕ್ತದಲ್ಲಿ ಬೆಚ್ಚಗಿದೆ, ನಿನಗೆ ಕಾಗದ ಬರೆಯುತ್ತಿದೆ. ಅದಕ್ಕೆ ನಾನು ಏನು ಹೇಳಲಿ? ನನ್ನ ಗುಂಡಿ ನಿನ್ನೊಳಗೆ ಇದೆ ಎಂದು ತಮಾಷೆ ಮಾಡಿದ್ದೆ. ಈಗ ನಿನ್ನ ಸ್ಕ್ರೂ ನನ್ನೊಳಗೆ. ಲೆಕ್ಕ ಸರಿಯಾಯಿತು ಎಂದರೆ ನಿನ್ನ ದೊಡ್ಡಮ್ಮ, "ಅವಳು ಕೊಟ್ಟದ್ದು ಕೆಲಸಕ್ಕೆ ಬಂತು, ನೀವು ಕೊಟ್ಟದ್ದು?" ಎನ್ನುತ್ತಾಳೆ.

ಲೇತಿನ ಬಟ್ಟೆ ತೆಗೆದಿದ್ದೇನೆ. ಹೊಸ ಹಂಡೆಗೆ ತಣ್ಣೀರು ತುಂಬಿಸಿದ್ದೇನೆ, ಒಲೆ ಹಚ್ಚಿಲ್ಲ.

ಇನ್ನೊಂದು. ನನ್ನ ಹಳೆಯ ಬಿಳಿ ಅಂಗಿಯ ಗುಂಡಿಗಳನ್ನೆಲ್ಲ ಬಿಚ್ಚಿಸಿ, ತಗಡಿನ ಡಬ್ಬದಿಂದ ಆರು ತೆಗೆದು ನಿನ್ನ ದೊಡ್ಡಮ್ಮನಿಂದ ಹೊಲಿಸಿಕೊಂಡೆ. ಕೋಟಿನವು, ಅಂಗಿಗೆ ದೊಡ್ಡದಾದವು, ಕಾಜಾ ಅಗಲ ಮಾಡಿಸಬೇಕಾಯಿತು. ಇವತ್ತು ಬೆಳಿಗ್ಗೆ ಅವಳನ್ನು ಕರೆಯಲಿಲ್ಲ. ಕಿಟಕಿಯ ಹತ್ತಿರ ನಿಂತು ಕೆಳಗಿನಿಂದ ಶುರುಮಾಡಿದೆ. ಕತ್ತಿನ ಗುಂಡಿಗೆ ಸ್ವಲ್ಪ ಹೊತ್ತು ಹಿಡಿಯಿತು. ಅದನ್ನು ಹೆಬ್ಬೆರಳಿನಲ್ಲಿ ಹಿಡಿದಾಗ ಅಂಚಿನಲ್ಲಿ ಉಳಿಯ ಗುರುತು ಸಿಕ್ಕಿತು. ನಿನ್ನಪ್ಪ ಉಳಿಯನ್ನು ಎತ್ತುವಾಗ ಯಾವಾಗಲೂ ಎಡಕ್ಕೆ ಒಂದು ಕೂದಲೆಳೆಯಷ್ಟು ಎಳೆಯುತ್ತಿದ್ದ. ಎಷ್ಟೋ ಸಲ ಬೈದಿದ್ದೆ.

ಹಳದಿ ಚೆನ್ನಾಗಿ ಕಾಣುತ್ತದೆ.

ನಿನ್ನ ದೊಡ್ಡಪ್ಪ